ಚಿತ್ರದ ಮೂಲೆಯ ಸಹಿ

ಚಿಂತಾಮಣಿಯಲ್ಲಿ ಬೆಳೆದ ನಮ್ಮ ಓರಗೆಯ ಹುಡುಗರಿಗೆ ಅಕ್ಷರ ಕೂಡಿಸಿ ಓದಲು ಬರುವ ಮೊದಲೇ ಮದರಾಸಿನ ಮೂವರು ಪರಿಚಯವಾಗಿದ್ದರು: ಚಿತ್ರಾ, ಶಂಕರ್, ಆಚಾರ್ಯ. ಮೂವರೂ ‘ಚಂದಮಾಮ’ದ ಚಿತ್ರಕಾರರು. ಅವರ ಮುಖ ನೋಡಿದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಆದರೆ ರಾಕ್ಷಸನ ಕೋರೆಹಲ್ಲು ಕಂಡರೆ ಇದು ಚಿತ್ರಾ ಬರೆದದ್ದು ಅಂತಲೂ, ಅರಮನೆಯ ಕಂಬದ ಹಿಂದೆ ಇನ್ನೊಂದು ಕಂಬ, ಅದರ ಹಿಂದೆ ಈಟಿ ಹಿಡಿದ ಭಟ ಕಂಡರೆ ಇದು ಶಂಕರ್ ಅಂತಲೂ ಹೇಳುವಷ್ಟು ನಾವು ಪಳಗಿದ್ದೆವು. ಪಂದ್ಯ ಕಟ್ಟುತ್ತಿದ್ದೆವು. ಸಹಿಯ ಮೇಲೆ ಹೆಬ್ಬೆರಳು ಮುಚ್ಚಿ, ‘ಯಾರದ್ದು ಹೇಳು ನೋಡಾನ’ ಅನ್ನುವುದು. ಸೋತವನು ಒಂದು ಗೋಲಿ ಕೊಡಬೇಕು.

ನಮ್ಮದು ಎರಡು ಭಾಷೆಯ ಸೀಮೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ ಯಾವ ಊರಲ್ಲಿ ಕೇಳಿದರೂ ಮಗ್ಗಿ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಕೈವಾರದ ತಾತಯ್ಯನವರೇ ಎರಡರಲ್ಲೂ ಹಾಡು ಕಟ್ಟಿದವರು, ನಮ್ಮದೇನು. ನಮ್ಮ ಮನೆಗೆ ಕನ್ನಡ ಚಂದಮಾಮ ಬರುತ್ತಿತ್ತು, ಎದುರುಮನೆಗೆ ತೆಲುಗಿನದು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಸೇರಿ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಶುರುಮಾಡಿದ ಪತ್ರಿಕೆ ಅದು. ಕನ್ನಡಕ್ಕೆ 1949ರಲ್ಲಿ ಬಂತು. ಪುಟಪುಟಕ್ಕೂ ಚಿತ್ರ ಇರಲೇಬೇಕೆಂಬುದು ಚಕ್ರಪಾಣಿಯವರ ಹಟ. ಎಲ್ಲ ಭಾಷೆಗೂ ಚಿತ್ರಗಳು ಅವೇ. ಸುತ್ತಲಿನ ಅಕ್ಷರ ಮಾತ್ರ ಬೇರೆ. ಹಾಗಾಗಿ ಎದುರುಮನೆಯ ಹುಡುಗನೂ ನಾನೂ ಜಗಲಿಯ ಮೇಲೆ ಎರಡು ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಒಂದೇ ಬೇತಾಳನನ್ನು ನೋಡುತ್ತಿದ್ದೆವು. ಅವನಿಗೆ ಕನ್ನಡ ಓದಲು ಬಾರದು, ನನಗೆ ತೆಲುಗು ಓದಲು ಬಾರದು. ಜಗಳಕ್ಕೆ ಅದು ಅಡ್ಡಿಯಾಗಲಿಲ್ಲ.

ಈಗ ಹಿಂತಿರುಗಿ ನೋಡಿದರೆ ಮೂವರಲ್ಲಿ ನನ್ನ ಓಟು ಯಾರಿಗೆ? ಕತೆ ಹೇಳುವುದರಲ್ಲಿ ಶಂಕರ್ ದೊಡ್ಡವರು, ಅನುಮಾನವಿಲ್ಲ. ವಿಕ್ರಮರಾಜ ಕತ್ತಿ ಹಿರಿದು, ಹೆಣವನ್ನು ಹೆಗಲಿಗೆ ಹಾಕಿಕೊಂಡು ಹೋಗುವ ಆ ಚಿತ್ರವನ್ನು ನೋಡದ ಮಗು ನಮ್ಮ ಕಾಲದಲ್ಲಿ ಇರಲಿಲ್ಲ. 1924ರಲ್ಲಿ ಈರೋಡಿನ ಹತ್ತಿರದ ಹಳ್ಳಿಯೊಂದರಲ್ಲಿ ಹುಟ್ಟಿ, ಐವತ್ತರ ದಶಕದ ಆರಂಭದಲ್ಲಿ ಚಂದಮಾಮಕ್ಕೆ ಸೇರಿದ ಅವರು 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ, ಅಂದರೆ ತೆಗೆದುಕೊಳ್ಳಲು ಅವರು ಇಲ್ಲದಾಗ. ಬದುಕಿದ್ದ ತೊಂಬತ್ತಾರು ವರ್ಷದಲ್ಲಿ ಯಾರಿಗೂ ನೆನಪಾಗಲಿಲ್ಲವೇ ಅಂತ ಅವತ್ತು ಪೇಪರು ಹಿಡಿದು ರೇಗಿದ್ದೆ. ಚಿತ್ರಾ ಅವರದ್ದು ಬೇರೆ ಲೋಕ. ದಾಸರಿ ಸುಬ್ರಹ್ಮಣ್ಯಂ ಬರೆದ ‘ತೋಕಚುಕ್ಕ’, ‘ಮಕರದೇವತ’, ‘ಕಂಚುಕೋಟ’ದಂಥ ಧಾರಾವಾಹಿಗಳಿಗೆ ಅವರು ಬರೆದ ಮಾಂತ್ರಿಕರು, ಗುಹೆಗಳು, ವಿಚಿತ್ರ ಮೃಗಗಳು ನಮ್ಮ ನಿದ್ದೆ ಕೆಡಿಸಿದವು. ಆಮೇಲಿನ ಮುಖಪುಟಗಳು ವಡ್ಡಾದಿ ಪಾಪಯ್ಯನವರದು, ‘ವಪಾ’ ಅಂತ ಸಹಿ. ಆ ಬಣ್ಣಗಳ ಮುಂದೆ ನಮ್ಮ ಊರಿನ ಸಂಜೆಯೂ ಮಂಕು.

ಆದರೂ ನನ್ನ ಓಟು ಎಂ.ಟಿ.ವಿ. ಆಚಾರ್ಯರಿಗೆ. ಕನ್ನಡಿಗರು ಅನ್ನುವುದು ಒಂದು ಕಾರಣ, ಒಪ್ಪುತ್ತೇನೆ. ಇನ್ನೊಂದು ಕಾರಣ, ಅವರ ಮಹಾಭಾರತದ ಮುಖಪುಟಗಳು. ನಮ್ಮ ಚಿಕ್ಕಪ್ಪ ಐವತ್ತರ ದಶಕದ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. ದಸರಾ ರಜೆಯಲ್ಲಿ ಕೈಕಾಲು ತೊಳೆದುಕೊಂಡು ಬಂದರೆ ಮಾತ್ರ ತೆಗೆದು ತೋರಿಸುತ್ತಿದ್ದರು. ಆಚಾರ್ಯರ ವೀರರ ತೋಳಿಗೆ ತೂಕವಿತ್ತು. ನೆಲದ ಮೇಲೆ ನಿಂತರೆ ನೆಲ ಅದುಮಿದ ಹಾಗೆ ಕಾಣುತ್ತಿತ್ತು. ರೇಷ್ಮೆ ರೇಷ್ಮೆಯಾಗಿ, ಕಬ್ಬಿಣ ಕಬ್ಬಿಣವಾಗಿ ಕಾಣುತ್ತಿತ್ತು. ನಮಗೆ ಮಹಾಭಾರತ ದೂರದ ಕತೆಯೇನೂ ಅಲ್ಲ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಅಂದರೆ ನಮ್ಮ ಕೈವಾರವೇ ಅಂತ ಊರವರೆಲ್ಲ ನಂಬುತ್ತಾರೆ. ಬೆಟ್ಟ ತೋರಿಸುತ್ತಾರೆ, ಬೆಟ್ಟದಿಂದ ಒಸರುವುದನ್ನು ಬಕಾಸುರನ ರಕ್ತ ಅನ್ನುತ್ತಾರೆ. ಗೌರಿಬಿದನೂರಿನ ಕಡೆಯವರು ಬಿಡುತ್ತಾರೆಯೇ, ‘ನಿಮಗೆ ಭೀಮ ಇದ್ದರೆ ನಮಗೆ ವಿದುರ’ ಅಂತ ವಿದುರಾಶ್ವತ್ಥದ ಮರ ತೋರಿಸುತ್ತಿದ್ದರು. ಹಾಗಾಗಿ ಮದರಾಸಿನಲ್ಲಿ ಕೂತು ಬರೆದ ಭೀಮನನ್ನು ನಾವು ಊರ ಲೆಕ್ಕದಲ್ಲಿ ಪರೀಕ್ಷೆ ಮಾಡುತ್ತಿದ್ದೆವು. ‘ಬೆಟ್ಟ ಹಿಂಗಿಲ್ಲ ಕಣೋ, ನಮ್ಮ ಬೆಟ್ಟದಾಗೆ ಇಷ್ಟು ಮರ ಎಲ್ಲವೆ?’ ಅಂತ ಒಬ್ಬ ತಕರಾರು ತೆಗೆಯುವುದು, ‘ಅವಾಗ ಇದ್ದವು’ ಅಂತ ಇನ್ನೊಬ್ಬ ಬಾಯಿ ಮುಚ್ಚಿಸುವುದು.

ಈ ಆಟ ಆಡುತ್ತಿದ್ದವರಲ್ಲಿ ಒಬ್ಬ ಆಮೇಲೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ. ಶಿಡ್ಲಘಟ್ಟದವನು. ಅವರ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಳಿಗ್ಗೆ ಅವನ ಅಪ್ಪ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ ತಂದ ಗೂಡು ಬಿಸಿನೀರಿಗೆ ಬೀಳುತ್ತಿತ್ತು, ಹುಳದ ವಾಸನೆ ಬೀದಿ ತುಂಬ ಹಬ್ಬುತ್ತಿತ್ತು. ಆ ವಾಸನೆ ಅವನ ಡ್ರಾಯಿಂಗ್ ಪುಸ್ತಕಕ್ಕೂ ಅಂಟಿಕೊಂಡಿತ್ತು. ಓದಲೆಂದು ಚಿಂತಾಮಣಿಯ ಬಂಧುಗಳ ಮನೆಯಲ್ಲಿದ್ದ. ಶನಿವಾರ ಪುಟಾಣಿ ರೈಲು ಹತ್ತಿ ಊರಿಗೆ ಹೋಗುತ್ತಿದ್ದ. ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಅಂತ ಕುಂಟುತ್ತ ಹೋಗುವ ಎರಡೂವರೆ ಅಡಿ ಅಗಲದ ಹಳಿಯ ರೈಲು. ಅದರ ನಿಧಾನವೇ ಅವನಿಗೆ ಅನುಕೂಲ. ಎದುರು ಕೂತವರನ್ನು ಬರೆದು ಮುಗಿಸುವಷ್ಟು ಹೊತ್ತು ಸಿಗುತ್ತಿತ್ತು. ಬರೆಸಿಕೊಂಡವರು ಕೆಲವರು ಕಡಲೆಕಾಯಿ ಕೊಡುತ್ತಿದ್ದರು, ಕೆಲವರು ಬೈಯುತ್ತಿದ್ದರು.

ನಮ್ಮ ಡ್ರಾಯಿಂಗ್ ಮೇಷ್ಟ್ರು ಅವನ ಕೈಯನ್ನು ಮೊದಲು ಕಂಡುಹಿಡಿದವರು. ಮೇಷ್ಟ್ರು ಲೋಯರ್, ಹೈಯರ್ ಎರಡೂ ಪರೀಕ್ಷೆ ಮುಗಿಸಿ, ಸರ್ಕಾರಿ ಕೆಲಸ ಹಿಡಿದು, ವಾರಕ್ಕೊಂದು ಪೀರಿಯಡ್ಡಿನಲ್ಲಿ ಮಾವಿನಕಾಯಿ, ಮಡಕೆ ಬರೆಸುತ್ತ ಬೇಸತ್ತಿದ್ದವರು. ಇವನ ಗೆರೆ ನಡುವೆ ನಿಂತು ನಿಂತು ಹೋಗುವುದನ್ನು ನೋಡಿ, ‘ಲೋ, ನಿಮ್ಮಪ್ಪ ನೂಲು ತೆಗೆಯೋ ಹಂಗೆ ಗೆರೆ ತೆಗಿ. ಮಧ್ಯದಾಗೆ ಕಡೀಬ್ಯಾಡ’ ಅಂದರು. ಕಲೆಯ ಬಗ್ಗೆ ಅದಕ್ಕಿಂತ ದೊಡ್ಡ ಪಾಠ ಆಮೇಲೂ ಯಾರೂ ಹೇಳಲಿಲ್ಲ ಅಂತ ಅವನೇ ಅನ್ನುತ್ತಾನೆ. ಒಮ್ಮೆ ನಮ್ಮನ್ನೆಲ್ಲ ನಂದಿಗೆ ಕರೆದುಕೊಂಡು ಹೋಗಿ, ಭೋಗನಂದೀಶ್ವರನ ಗುಡಿಯ ಕಲ್ಯಾಣ ಮಂಟಪದ ಮುಂದೆ ಕೂರಿಸಿ, ಒಂದೇ ಕಂಬ ಬರೆಯಿರಿ, ಇಡೀ ಗುಡಿ ಬರೆಯಲು ಹೋಗಬೇಡಿ ಅಂದರು. ನಾವು ಇಡೀ ಗುಡಿ ಬರೆದೆವು. ಅವನು ಕಂಬದ ಮೇಲಿನ ಒಂದು ಬಳ್ಳಿ ಬರೆದ.

ಮೇಷ್ಟ್ರಿಗೆ ಇನ್ನೊಂದು ಕಷ್ಟವಿತ್ತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರ ಊರಾದ್ದರಿಂದ, ನಮ್ಮ ಕಡೆ ಯಾವ ಸಭೆಗಾದರೂ ಅವರ ಭಾವಚಿತ್ರ ಬೇಕೇಬೇಕು. ಪೇಟ, ಕೋಟು, ಮೀಸೆ, ನೆಟ್ಟನೆಯ ನೋಟ. ಕಣ್ಣುಮುಚ್ಚಿ ಬರೆಯಬಲ್ಲವರಾಗಿದ್ದರು ಮೇಷ್ಟ್ರು. ಆ ವಿದ್ಯೆ ಶಿಷ್ಯನಿಗೂ ಬಂತು.

ಎಸ್ಸೆಸ್ಸೆಲ್ಸಿ ಆದಮೇಲೆ ಆಚಾರ್ಯರು ಮತ್ತೆ ಎದುರಾದರು, ಈ ಸಲ ಅಂಚೆಯಲ್ಲಿ. ಮದರಾಸು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದ್ದ ಅವರು ‘ಆಚಾರ್ಯ ಚಿತ್ರಕಲಾ ಭವನ’ ಅಂತ ಅಂಚೆ ಮೂಲಕ ಚಿತ್ರಕಲೆ ಕಲಿಸುವ ಶಾಲೆ ನಡೆಸುತ್ತಿದ್ದರು. ಬೆಂಗಳೂರಿಗೆ ಹೋಗಿ ಕೋಣೆ ಹಿಡಿದು ಓದುವ ಅನುಕೂಲವಿಲ್ಲದ ಊರು ಊರಿನ ಹುಡುಗರಿಗೆ ಅದು ದೇವರು ತೆರೆದ ಬಾಗಿಲು. ಚಂದಮಾಮದ ಮುಖಪುಟ ಬರೆದ ಮನುಷ್ಯ ನನ್ನ ಹಾಳೆ ನೋಡುತ್ತಾರೆ ಅನ್ನುವುದೇ ಇವನಿಗೆ ರೋಮಾಂಚನ. ಪಾಠ ಬರುತ್ತಿತ್ತು, ಬಿಡಿಸಿ ಕಳಿಸುತ್ತಿದ್ದ, ತಿದ್ದಿದ್ದು ವಾಪಸು ಬರುತ್ತಿತ್ತು. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿರುತ್ತಿದ್ದ. ಅವನ ಅಪ್ಪನಿಗೆ ಇದು ಯಾವುದೋ ಹುಡುಗಿಯ ಕಾಗದ ಅಂತ ಗುಮಾನಿ. ಒಂದು ದಿನ ಲಕೋಟೆ ಒಡೆದು ನೋಡಿದರೆ ಒಳಗೆ ಕೈ, ಕಾಲು, ಕಿವಿ, ಮೂಗು. ಅವರಿಗೆ ಅದು ಇನ್ನೂ ಗಾಬರಿ ಹುಟ್ಟಿಸಿತು.

ಪಾಠ ನಡೆಯುತ್ತಿದ್ದಾಗಲೇ ದುಡಿಮೆಯೂ ಶುರುವಾಯಿತು. ಚಿಂತಾಮಣಿಯ ಜೋಡಿ ರಸ್ತೆಯಲ್ಲಿ ಬೋರ್ಡು ಬರೆಯುವ ಒಬ್ಬರ ಹತ್ತಿರ ಸೇರಿಕೊಂಡ. ಲಾರಿಯ ಹಿಂದೆ ನವಿಲು, ಬೀಜದಂಗಡಿಗೆ ಟೊಮೇಟೊ, ಕ್ಷೌರದಂಗಡಿಗೆ ಆಗಿನ ಹೀರೋ. ಸಿನಿಮಾ ಟೆಂಟಿನವರಿಗೆ ಗಾಜಿನ ಸ್ಲೈಡು ಬರೆಯುವ ಕೆಲಸ ಅವನಿಗೆ ಬಲು ಇಷ್ಟ. ಅಂಗೈಯಷ್ಟು ಗಾಜಿನ ಮೇಲೆ ಬರೆದದ್ದು ಪರದೆಯ ಮೇಲೆ ಆನೆಯಷ್ಟಾಗುತ್ತದೆ, ಗೆರೆ ಕೂದಲಷ್ಟು ಜಾರಿದರೂ ಊರೇ ನಗುತ್ತದೆ. ನಮ್ಮೂರಲ್ಲಿ ತೆಲುಗು ಪಿಚ್ಚರಿಗೇ ಜನ ಹೆಚ್ಚು. ಕ್ಷೌರದಂಗಡಿಯಲ್ಲಿ ತೆಲುಗು ವಾರಪತ್ರಿಕೆಗಳು ಸಿಗುತ್ತಿದ್ದವು, ಅದರಲ್ಲಿ ಬಾಪು ಅವರ ಗೆರೆಗಳು. ಉದ್ದ ಜಡೆ, ಓರೆನೋಟ, ನಾಲ್ಕೇ ಗೆರೆಯಲ್ಲಿ ಇಡೀ ಹೆಂಗಸು. ಮದುವೆಗೆ ಹೆಣ್ಣು ನೋಡಿ ಬಂದ ನಮ್ಮ ಕಡೆಯ ಹುಡುಗರು ಚೆನ್ನಾಗಿದ್ದಾಳೆ ಅನ್ನಲು ‘ಬಾಪು ಬೊಮ್ಮ’ ಅಂತಲೇ ಹೇಳುತ್ತಿದ್ದುದು. ಒಬ್ಬ ಚಿತ್ರಕಾರನಿಗೆ ಅದಕ್ಕಿಂತ ದೊಡ್ಡ ಬಿರುದು ಯಾವ ಅಕಾಡೆಮಿ ಕೊಟ್ಟೀತು?

ನನಗೆ ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ಅವನೂ ಬಂದ. ಬಳೇಪೇಟೆಯಲ್ಲಿ ಇಬ್ಬರೂ ಒಂದು ಕೋಣೆ ಮಾಡಿದೆವು. ಅಲ್ಲಿಂದ ಹತ್ತಿರದಲ್ಲೇ ಬ್ಲಾಕ್ ಮಾಡುವವರ ಅಂಗಡಿಗಳು. ಆ ಕಾಲದ ಹುಡುಗರಿಗೆ ಮಾತ್ರ ಗೊತ್ತಿರುವ ಸಂಗತಿ ಇದು, ಈಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊಳೆ ಅಚ್ಚಿನ ಕಾಲದಲ್ಲಿ ಚಿತ್ರ ನೇರವಾಗಿ ಅಚ್ಚಾಗುತ್ತಿರಲಿಲ್ಲ. ಚಿತ್ರಕಾರ ಕಪ್ಪು ಇಂಕಿನಲ್ಲಿ, ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆದುಕೊಡಬೇಕು. ಬ್ಲಾಕಿನವರು ಅದನ್ನು ಫೋಟೋ ತೆಗೆದು, ಚಿಕ್ಕದು ಮಾಡಿ, ಸತುವಿನ ತಗಡಿಗೆ ಇಳಿಸಿ, ಆಸಿಡ್ಡಿನಲ್ಲಿ ಬೇಡದ ಭಾಗ ತಿನ್ನಿಸಿ, ಮರದ ತುಂಡಿಗೆ ಹೊಡೆದು ಕೊಡುತ್ತಿದ್ದರು. ಅದು ಮೊಳೆಗಳ ಪಕ್ಕದಲ್ಲಿ ಕೂತು ಅಚ್ಚಾಗಬೇಕು. ಚಿತ್ರ ಚಿಕ್ಕದಾದಾಗ ಹತ್ತಿರ ಹತ್ತಿರ ಎಳೆದ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನ್ಯೂಸ್‌ಪ್ರಿಂಟು ಇಂಕು ಹೀರಿ ಉಬ್ಬುತ್ತದೆ. ನಾಯಕಿಯ ಕೆನ್ನೆಗೆ ಚೆಂದ ಅಂತ ಹಾಕಿದ ನವುರು ನೆರಳು ಪತ್ರಿಕೆಯಲ್ಲಿ ಗಡ್ಡವಾಗಿ ಬಂದಿರುತ್ತದೆ. ಮೊದಲ ಕತೆಗೆ ಅವನು ಬರೆದ ನಾಯಕಿಗೆ ಹಾಗೇ ಆಯಿತು. ಆಮೇಲೆ ಎಲ್ಲಿ ಗೆರೆ ಬಿಡಬೇಕು ಅನ್ನುವುದನ್ನು ಬ್ಲಾಕಿನ ಅಂಗಡಿಯ ಕೆಲಸಗಾರನ ಹತ್ತಿರವೇ ಕೂತು ಕಲಿತ.

ಅವನು ಕೆಲಸ ಕಲಿಯುವ ಹೊತ್ತಿಗೆ ಕನ್ನಡ ಪತ್ರಿಕೆಗಳಿಗೆ ಒಳ್ಳೆಯ ಕಾಲ. ‘ಕಸ್ತೂರಿ’ 1956ರಿಂದ ಇತ್ತು, ‘ಸುಧಾ’ 1965ರಲ್ಲಿ ಬಂತು, ‘ಮಯೂರ’ 1968ರಲ್ಲಿ, ‘ತರಂಗ’ 1983ರಲ್ಲಿ. ವಾರಕ್ಕೆ ಇಷ್ಟು ಕತೆ, ಇಷ್ಟು ಧಾರಾವಾಹಿ, ಪ್ರತಿಯೊಂದಕ್ಕೂ ಚಿತ್ರ. ಜಿ.ಕೆ. ಸತ್ಯ, ಪ.ಸ. ಕುಮಾರ್, ಚಂದ್ರನಾಥ ಆಚಾರ್ಯ ಅಂತ ಸಹಿಗಳನ್ನು ನಾವು ಮತ್ತೆ ಹುಡುಕಲು ಶುರುಮಾಡಿದೆವು. ಗೋಲಿಯ ಬದಲು ಈಗ ಬೈಟೂ ಕಾಫಿ ಪಣ. ಚಂದ್ರನಾಥರು ಪುತ್ತೂರಿನ ಕಡೆಯವರು, ಆರ್.ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ ಕಲಿತು ‘ಪ್ರಜಾವಾಣಿ’ ಬಳಗಕ್ಕೆ ಬರೆಯುತ್ತಿದ್ದವರು. ಕತೆಯಲ್ಲಿ ಇಲ್ಲದ ಒಂದು ಖಾಲಿ ಕುರ್ಚಿಯನ್ನೋ ಅರ್ಧ ತೆರೆದ ಕಿಟಕಿಯನ್ನೋ ಚಿತ್ರದಲ್ಲಿಟ್ಟು ಕತೆಗೇ ಇನ್ನೊಂದು ಅರ್ಥ ಹುಟ್ಟಿಸಬಹುದು ಅಂತ ನಮಗೆ ಹೊಳೆದದ್ದು ಆ ಪುಟಗಳನ್ನು ನೋಡಿ. ನನ್ನ ಗೆಳೆಯ ಆ ಎತ್ತರಕ್ಕೆ ಏರಲಿಲ್ಲ, ಅವನಿಗೂ ಅದು ಗೊತ್ತು. ಆದರೆ ಹಳ್ಳಿಯ ಮುದುಕರನ್ನು, ಸಾಲಗಾರರನ್ನು, ಬಸ್‌ಸ್ಟ್ಯಾಂಡಿನ ಜನರನ್ನು ಅವನಷ್ಟು ಚೆನ್ನಾಗಿ ಬರೆದವರು ಕಡಿಮೆ. ಪುಟಾಣಿ ರೈಲಿನಲ್ಲಿ ಕಲಿತದ್ದು ಎಲ್ಲಿ ಹೋಗುತ್ತದೆ!

ಕತೆ ಗುರುವಾರ ಕೈಗೆ ಬಂದರೆ ಶನಿವಾರ ಚಿತ್ರ ಹೋಗಬೇಕು. ರಾತ್ರಿ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಎಲ್ಲೋ ಒಂದು ಕಡೆ ‘ಅಲ್ಲಿ ನಿಲ್ಲಿಸು’ ಅನ್ನುತ್ತಿದ್ದ. ಆಶ್ಚರ್ಯ ಅಂದರೆ ಅವನು ನಿಲ್ಲಿಸಿದ್ದು ಕೊಲೆಯ ಜಾಗದಲ್ಲೋ ಅಳುವಿನ ಜಾಗದಲ್ಲೋ ಇರುತ್ತಿರಲಿಲ್ಲ. ಅದಕ್ಕೆ ಒಂದು ಗಳಿಗೆ ಮುಂಚಿನ ಜಾಗ. ಕೈ ಬಾಗಿಲ ಚಿಲಕದ ಮೇಲಿದೆ, ಬಾಗಿಲು ಇನ್ನೂ ತೆರೆದಿಲ್ಲ. ‘ನಡೆದುಹೋದದ್ದನ್ನ ನಾನ್ಯಾಕೆ ಬರೀಲಿ, ಅದನ್ನ ಕತೆಗಾರ ಬರೆದವ್ನೆ’ ಅನ್ನುವುದು ಅವನ ವಾದ. ಸಂಪಾದಕರಿಗೆ ಮಾತ್ರ ನಾಯಕಿಯ ಮುಖ ದೊಡ್ಡದಾಗಿ ಬೇಕು. ಮೂರು ಸಲ ಅವನ ಮಾತು ನಡೆದರೆ ಏಳು ಸಲ ಅವರದು.

ಕತೆಯ ತಲೆಬರಹವನ್ನೂ ಚಿತ್ರಕಾರನೇ ಬರೆಯಬೇಕಿತ್ತು. ಇದನ್ನು ಈಗ ಯಾರೂ ನೆನೆಯುವುದಿಲ್ಲ. ಪತ್ತೇದಾರಿ ಕತೆಗೆ ಚೂರಿಯಂಥ ಅಕ್ಷರ, ಸಂಸಾರದ ಕತೆಗೆ ದುಂಡಗೆ, ದೆವ್ವದ ಕತೆಗೆ ತೊಟ್ಟಿಕ್ಕುವ ಹಾಗೆ. ಕನ್ನಡದ ತಲೆಕಟ್ಟು, ಕೊಂಬು, ಒತ್ತು ಇವನ್ನೆಲ್ಲ ಎಲ್ಲಿ ಎಳೆದರೆ ಎಲ್ಲಿ ಕೂರುತ್ತದೆ ಅಂತ ಅವನಿಗೆ ಬೆರಳಲ್ಲೇ ಲೆಕ್ಕವಿತ್ತು. ಬೋರ್ಡು ಬರೆದ ಕೈ ಅಲ್ಲವೇ.

ಚಿತ್ರಕ್ಕೆ ಮಾಡೆಲ್ಲುಗಳನ್ನು ಎಲ್ಲಿಂದ ತರುವುದು? ಕೋಣೆಯಲ್ಲಿದ್ದವನು ನಾನೊಬ್ಬನೇ. ಪಂಚೆ ಉಡಿಸಿ, ಹೊದಿಕೆ ಹೊದಿಸಿ, ಸ್ಟವ್ ಮುಂದೆ ಕೂರಿಸಿ ಬರೆಯುತ್ತಿದ್ದ. ನಾನು ಎಷ್ಟು ಸಲ ಸತ್ತಿದ್ದೇನೋ, ಎಷ್ಟು ಸಲ ಹೆಂಡತಿ ಬಿಟ್ಟಿದ್ದೇನೋ. ಒಂದು ವಿಶೇಷಾಂಕದಲ್ಲಿ ಬಡ್ಡಿ ಸಾಹುಕಾರನಾಗಿ ಅಚ್ಚಾದೆ, ಅದೂ ಮುಕ್ಕಾಲು ಪುಟ. ಆ ಪತ್ರಿಕೆ ಚಿಂತಾಮಣಿಗೂ ಹೋಯಿತು. ನಮ್ಮ ಅವ್ವನಿಗೆ, ಅಂದರೆ ಅಜ್ಜಿಗೆ, ಕನ್ನಡ ಓದಲು ಬಾರದು, ಚಿತ್ರ ನೋಡಿ, ‘ಇದಿ ಮನೋಡಿ ಮೊಗಂ ಕಾದಾ?’ (ಇದು ನಮ್ಮ ಹುಡುಗನ ಮುಖ ಅಲ್ಲವಾ?) ಅಂತ ಬೀದಿಗೆಲ್ಲ ತೋರಿಸಿಕೊಂಡು ಬಂದಳಂತೆ. ಮೊಮ್ಮಗ ಬ್ಯಾಂಕಿನಲ್ಲಿ ಬಡ್ಡಿ ವ್ಯವಹಾರ ಮಾಡುವುದು ಪತ್ರಿಕೆಯವರಿಗೂ ಗೊತ್ತಾಗಿದೆ ಅಂತ ಅವಳ ಹೆಮ್ಮೆ.

ದುಡ್ಡಿನ ಮಾತು ಬಂದರೆ ನಗು ನಿಲ್ಲುತ್ತದೆ. ಚಿತ್ರಕ್ಕೆ ಇಷ್ಟು ಅಂತ ಕೊಡುತ್ತಿದ್ದರು, ಅದೂ ಅಚ್ಚಾದ ಮೇಲೆ, ಅದೂ ಎರಡು ಮೂರು ತಿಂಗಳು ಕಳೆದು. ಮೂಲಚಿತ್ರಗಳು ವಾಪಸು ಬರುತ್ತಿರಲಿಲ್ಲ. ಒಂದು ಪತ್ರಿಕೆಯವರು ಕಚೇರಿ ಬದಲಾಯಿಸುವಾಗ ಹಳೆಯ ಚಿತ್ರಗಳ ಗಂಟುಗಳನ್ನೆಲ್ಲ ತೂಕಕ್ಕೆ ಹಾಕಿದರು. ಇವನ ಕೆಲಸದ ಎಷ್ಟೋ ವರ್ಷ ಅದರಲ್ಲಿತ್ತು. ವಿಷಯ ತಿಳಿದು ಇವನು ರದ್ದಿ ಅಂಗಡಿಗೆ ಹೋಗುವ ಹೊತ್ತಿಗೆ ಅರ್ಧ ಗಂಟು ಗಿರಣಿಗೆ ಹೋಗಿತ್ತು. ಉಳಿದದ್ದನ್ನು ತಾನೇ ದುಡ್ಡು ಕೊಟ್ಟು ಕೊಂಡುಕೊಂಡು ಬಂದ. ತನ್ನ ಚಿತ್ರ ತಾನೇ ಕೊಂಡ ಮೊದಲ ಗಿರಾಕಿ ನಾನು ಅಂತ ಆಮೇಲೆ ತಮಾಷೆ ಮಾಡುತ್ತಿದ್ದ.

ಆಫ್‌ಸೆಟ್ ಬಂತು, ಬ್ಲಾಕಿನವರು ಅಂಗಡಿ ಮುಚ್ಚಿದರು. ಬಣ್ಣ ಬಂತು, ಅದು ಖುಷಿಯೇ. ಕಂಪ್ಯೂಟರ್ ಬಂತು, ತಲೆಬರಹದ ಕೆಲಸ ಹೋಯಿತು. ಟೀವಿ ಬಂತು, ಧಾರಾವಾಹಿ ಅಂದರೆ ಅದೇ ಆಯಿತು. ಅವನು ಊರಿಗೆ ವಾಪಸಾದ. ಅಷ್ಟರಲ್ಲಿ ನಮ್ಮ ಊರುಗಳೂ ಕೋಲಾರ ಬಿಟ್ಟು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದವು. ಚಂದಮಾಮವೂ ನಿಂತಿತು. ಈಗಲೂ ಸೆಪ್ಟೆಂಬರ್ 15 ಹತ್ತಿರ ಬಂದರೆ ಯಾವುದಾದರೂ ಶಾಲೆಯವರು ಬಂದು ಅವನ ಹತ್ತಿರ ವಿಶ್ವೇಶ್ವರಯ್ಯನವರನ್ನು ಬರೆಸಿಕೊಂಡು ಹೋಗುತ್ತಾರೆ. ಕಾಸು ಕೇಳುವುದಿಲ್ಲ. ‘ಮೇಷ್ಟ್ರ ಲೆಕ್ಕಕ್ಕೆ ಜಮಾ’ ಅನ್ನುತ್ತಾನೆ.

ಇತ್ತೀಚೆಗೆ ಇಬ್ಬರೂ ಕೂತು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತಿರುವಿಹಾಕುತ್ತಿದ್ದೆವು. ಡಿ.ವಿ.ಜಿ.ಯವರ ಮಗ, ಅಂದರೆ ನಮ್ಮ ಹಳೆಯ ಜಿಲ್ಲೆಯ ಮುಳಬಾಗಿಲಿನ ಮನೆತನ. ಸಸ್ಯಶಾಸ್ತ್ರಜ್ಞರು ತಮ್ಮ ಪುಸ್ತಕಕ್ಕೆ ತಾವೇ ಚಿತ್ರ ಬರೆದುಕೊಂಡರು; 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ನೋಡು, ಬರೆದವನೇ ಚಿತ್ರವನ್ನೂ ಬರೆದರೆ ಹೆಸರು ಉಳೀತದೆ’ ಅಂದ ನನ್ನ ಗೆಳೆಯ. ಮಾತಿನಲ್ಲಿ ಕಹಿಯಿರಲಿಲ್ಲ, ಲೆಕ್ಕವಿತ್ತು. ಕನ್ನಡದ ಹಳೆಯ ಕತೆಗಳು ಸಂಕಲನಗಳಾಗಿ ಮತ್ತೆ ಮತ್ತೆ ಅಚ್ಚಾಗುತ್ತವೆ, ಅವುಗಳ ಜೊತೆಗೆ ಬಂದಿದ್ದ ಚಿತ್ರಗಳು ಬರುವುದಿಲ್ಲ. ಲೇಖಕರ ಸೂಚಿ ಸಿಗುತ್ತದೆ. ಯಾವ ಕತೆಗೆ ಯಾರು ಚಿತ್ರ ಬರೆದರು ಅಂತ ಹುಡುಕಿದರೆ ಹಳೆಯ ಸಂಚಿಕೆಯನ್ನೇ ತೆರೆಯಬೇಕು, ಅದು ಎಲ್ಲಿದೆಯೋ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಚಂದಮಾಮ, ಸುಧಾ, ಮಯೂರ, ಕಸ್ತೂರಿ ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಪುಟ ತಿರುವಿ, ಚಿತ್ರದ ಮೂಲೆಯಲ್ಲಿರುವ ಹೆಸರು ಓದಿ, ಕತೆಯ ಹೆಸರಿನ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಹತ್ತಿರದ ಗ್ರಂಥಾಲಯಕ್ಕೋ ಯಾವುದಾದರೂ ಕಲಾಶಾಲೆಗೋ ಕೊಡಿ.